ಗೋದಲಿಗೆ ತಂದ ಚಂದ್ರಿಕೆ

"ಬ್ಯಾಡ ಕಣಪ್ಪಾ, ಅದನ್ನ ಮುಟ್ಬ್ಯಾಡ! ಮೂರು ದಾರಿ ಕೂಡೋ ಜಾಗದಲ್ಲಿ ಇಟ್ಟಿರೋದು."

ಊರಿನ ಮುದುಕಿ ಕದಿರಮ್ಮ ದೂರದಿಂದಲೇ ಕೂಗಿದಳು. ಇನ್ನಾಸಪ್ಪ ಕೇಳಬೇಕಲ್ಲ! ಹುಣಸೆಮರಕ್ಕೆ ಒರಗಿಸಿದ್ದ ಚಂದ್ರಿಕೆಯನ್ನು ಎತ್ತಿ ತಲೆಯ ಮೇಲೆ ಹೊತ್ತುಕೊಂಡೇಬಿಟ್ಟ. ರೇಷ್ಮೆ ಹುಳ ಗೂಡು ಕಟ್ಟಲೆಂದು ಬಿದಿರ ದಬ್ಬೆಯನ್ನು ಸುರುಳಿ ಸುರುಳಿಯಾಗಿ ಕೂರಿಸಿದ ಆಳೆತ್ತರದ ತಟ್ಟಿ ಅದು.

"ಅಜ್ಜೀ, ನಾನು ಕೊಳ್ಳೇಗಾಲದ ಕಡೆಯೋನು. ನಂಗೇ ಮಾಟದ ಕತೆ ಹೇಳ್ತೀರಾ? ಕ್ರಿಸ್‌ಮಸ್ಸಿಗೆ ಯೇಸು ಹುಟ್ಟಿದ ಕೊಟ್ಟಿಗೆ, ಗೋದಲಿ ಕಟ್ಬೇಕು, ಹಿಂದೆ ನಿಲ್ಸೋಕೆ ಬೊಂಬಾಟಾಗಿರ್ತದೆ. ಯೇಸುಸ್ವಾಮಿ ಇರೋ ಮನೆಗೆ ಯಾವ ದೆವ್ವ ಬರ್ತದೋ ಬರ್ಲಿ, ಕಾಫಿ ಕೊಟ್ಟು ಕಳಿಸ್ತೀನಿ!"

ದೇವರನ್ನು ನಂಬುವುದೇ ಬೇರೆ, ದೇವರಿದ್ದಾನೆಂದು ಮೀಸೆ ತಿರುವುವುದೇ ಬೇರೆ. ಪುಣ್ಯಾತ್ಮನಿಗೆ ಆ ವ್ಯತ್ಯಾಸ ಇನ್ನೂ ಗೊತ್ತಿರಲಿಲ್ಲ.

ದೇವನಹಳ್ಳಿ ಏರ್‌ಪೋರ್ಟ್ ಶುರುವಾದ ವರ್ಷ ಟ್ಯಾಕ್ಸಿ ಓಡಿಸಲು ಬಂದವನು ಅವನು. ಹೆಂಡತಿ ಲೂರ್ದಮ್ಮ, ಏಳು ವರ್ಷದ ಮಗಳು ಸೆಲಿನಾ ಜೊತೆ ಬೂದಿಗೆರೆಯಲ್ಲಿ ಬಾಡಿಗೆಗಿದ್ದ. ಸೆಲಿನಾ ಅಂದರೆ ಅರಳು ಹುರಿದಂಥ ಮಾತು. ಅಂದು ಸಂಜೆ ಅವಳೇ ಗೋದಲಿಗೆ ಹುಲ್ಲು ಹಾಸಿ, ಮಣ್ಣಿನ ಕುರಿಗಳಿಗೆಲ್ಲ ಹೆಸರಿಟ್ಟು, ಚಂದ್ರಿಕೆಯ ಮೇಲೆ ಕಾಗದದ ನಕ್ಷತ್ರ ಅಂಟಿಸಿದಳು.

ಮರುದಿನ ಬೆಳಿಗ್ಗೆ ಮಗು ಹಾಲು ಮುಟ್ಟಲಿಲ್ಲ. ಮಾತೂ ಆಡಲಿಲ್ಲ. ಲೂರ್ದಮ್ಮ ಬಾಯಿ ಒರೆಸಲು ಹೋದರೆ ತುಟಿಯಂಚಿನಲ್ಲಿ ತೆಳ್ಳನೆಯ, ಹೊಳೆಯುವ ಎಳೆಯೊಂದು ಸಿಕ್ಕಿತು. ಎಳೆದಳು. ಬಂತು. ಇನ್ನೂ ಎಳೆದಳು. ಇನ್ನೂ ಬಂತು. ಸೆಲಿನಾ ಹೊಟ್ಟೆ ಹಿಡಿದುಕೊಂಡು ಸದ್ದಿಲ್ಲದೆ ಅತ್ತಳು.

ದೇವನಹಳ್ಳಿಯ ಡಾಕ್ಟರು ಗಂಟಲಿಗೆ ಟಾರ್ಚು ಬಿಟ್ಟು ನೋಡಿ ಏನೂ ಕಾಣುತ್ತಿಲ್ಲವಲ್ಲ ಎಂದರು. ಎರಡನೆಯ ದಿನಕ್ಕೆ ಮಗುವಿನ ಕೊರಳು, ಗಲ್ಲ, ಕಿವಿಯ ಮೇಲೆಲ್ಲ ನವಿರಾದ ಬಿಳಿ ಪದರ ಕಟ್ಟಿತ್ತು. ಒರೆಸಿದಷ್ಟೂ ಕಟ್ಟುತ್ತಿತ್ತು. ನಡುಮನೆಯಲ್ಲಿ ಕೊಳೆತ ಹುಳದ ವಾಸನೆ. ಜೊತೆಗೊಂದು ಸದ್ದು: ಸಾವಿರ ಹುಳ ಒಟ್ಟಿಗೆ ಸೊಪ್ಪು ಮೇಯುವ ಚರಚರ. ಮನೆಯಲ್ಲಿ ಸೊಪ್ಪೂ ಇರಲಿಲ್ಲ, ಹುಳವೂ ಇರಲಿಲ್ಲ.

ಮೂರನೆಯ ದಿನ ಸಂಜೆ ಕದಿರಮ್ಮ ಬಂದಳು. ಹೊಸಿಲು ದಾಟಲಿಲ್ಲ. ಚಾಪೆಯ ಮೇಲೆ ಮುದುರಿ ಮಲಗಿದ್ದ ಮಗುವನ್ನು ಕಂಡು ಅಲ್ಲೇ ಕೂತಳು.

"ನಾನೇ ಪಾಪಿ ಕಣಪ್ಪಾ. ಅದನ್ನ ಅಲ್ಲಿ ಇಟ್ಟಿದ್ದು ನಾನೇ. ನನ್ ಮೊಮ್ಮಗಳು ಕೀರ್ತನಂಗೂ ಹಿಂಗೇ ಆಗಿತ್ತು. ಮಂತ್ರವಾದಿ ಹೇಳ್ದ, ಮೂರು ದಾರೀಲಿ ಇಡು, ಎತ್ಕೊಂಡೋರ ಮನೆಗೆ ಪೀಡೆ ಹೋಯ್ತದೆ, ತಿರುಗಿ ನೋಡ್ಬ್ಯಾಡ ಅಂತ. ನಾ ತಿರುಗಿ ನೋಡ್ದೆ. ನೀನಿದ್ದೆ. ಮನಸು ತಡೀಲಿಲ್ಲ, ಬ್ಯಾಡ ಅಂದೆ."

"ನಿಮ್ ಮೊಮ್ಮಗಳು?"

"ನೀನು ಎತ್ಕೊಂಡ ಗಳಿಗೇಲೇ ಎದ್ದು ಕೂತ್ಲು." ಅವಳು ಸೆರಗು ಬಾಯಿಗೊತ್ತಿಕೊಂಡಳು. "ಮೂರನೇ ದಿನ ಹೊತ್ತು ಮುಳುಗೋದ್ರೊಳಗೆ ನೀನೂ ಅಲ್ಲೇ ಇಟ್ಬುಡು. ಗೂಡು ಮುಚ್ಕೊಂಡ್ರೆ ಒಳಗೆ ಉಸ್ರಿರಲ್ಲ. ಈಗ ಎಲ್ರ ಮನೇಲೂ ಹುಳ ಹಣ್ಣಾಗವೆ. ಯಾರಾನ ಎತ್ಕೊಂಡು ಹೋಯ್ತಾರೆ."

ನಿಜ. ಆ ಸೀಮೆಯಲ್ಲಿ ಹುಳ ಹಣ್ಣಾಗಿ ಗೂಡು ಕಟ್ಟಲು ಸಿದ್ಧವಾದಾಗ ಚಂದ್ರಿಕೆಗೆ ಯಾರೂ ಯಾರನ್ನೂ ಕೇಳುವುದಿಲ್ಲ. ಬೀದಿಯಲ್ಲಿದ್ದರೆ ಎತ್ತಿಕೊಂಡು ಹೋಗಿ, ಕೆಲಸ ಮುಗಿದ ಮೇಲೆ ತಂದಿಡುತ್ತಾರೆ. ತಲೆತಲಾಂತರದ ನಂಬಿಕೆ. ಆ ನಂಬಿಕೆಯ ಬೆನ್ನೇರಿಯೇ ಆ ಪೀಡೆ ಮನೆಮನೆ ಸುತ್ತುತ್ತಿತ್ತು.

ಇನ್ನಾಸಪ್ಪ ಚಂದ್ರಿಕೆ ಎತ್ತಿದ. ಹೊಸಿಲವರೆಗೂ ಹೋದ. ಎದುರುಮನೆಯ ಅಂಗಳದಲ್ಲಿ ಯಾರದೋ ಮಕ್ಕಳು ಕುಂಟಾಬಿಲ್ಲೆ ಆಡುತ್ತಿದ್ದವು. ಅವನ ಕಾಲು ನಿಂತಿತು.

"ಬೇಗ ಹೋಗ್ರೀ!" ಲೂರ್ದಮ್ಮ ಕಿರುಚಿದಳು.

"ಇನ್ಯಾರ ಮಗೂಗೆ ಕೊಡ್ಲಿ ಲೂರ್ದು?"

ಅವಳು ಮಗುವನ್ನು ಎದೆಗೊತ್ತಿಕೊಂಡು ಅತ್ತಳು.

ಅವನು ಚಂದ್ರಿಕೆಯನ್ನು ನೆಲಕ್ಕೆ ಹಾಕಿದ. ದಬ್ಬೆಯ ಸುರುಳಿಯ ನಡುವೆ ಕಪ್ಪು ದಾರ ಕಂಡಿತು. ಕೂದಲು ಸೇರಿಸಿ ಹೊಸೆದದ್ದು. ಏಳು ಗಂಟು. ಬ್ಲೇಡು ತಾಗಿಸಿದ. ಸೆಲಿನಾಳ ಕೊರಳಿನ ಎಳೆಗಳು ಬಿಗಿದು ಮುಖ ನೀಲಿಯಾಯಿತು. ಬ್ಲೇಡು ಬಿಸಾಕಿದ.

"ಕೈಲಿ ಬಿಚ್ಚಬಹುದಂತೆ," ಕದಿರಮ್ಮ ಪಿಸುಗುಟ್ಟಿದಳು. "ಬಿಚ್ಚಿದ ಕೈ ಉಳಿಯಲ್ವಂತೆ. ನಂಗೆ ಧೈರ್ಯ ಸಾಲ್ಲಿಲ್ಲ."

"ಯೇಸುವಿನ ಹೆಸರಲ್ಲಿ ತೊಲಗು!" ಇನ್ನಾಸಪ್ಪ ಗುಡುಗಿದ. ಅದು ಮೂರು ದಿನದ ಹಿಂದಿನ ಅದೇ ದನಿ, ಅದೇ ಜಂಬ. ಚರಚರ ಸದ್ದು ಇನ್ನಷ್ಟು ಜೋರಾಯಿತು. ಕರೆಂಟು ಹೋಯಿತು.

ಆಗ ಅವನು ಮಂಡಿಯೂರಿದ. "ಸ್ವಾಮಿ, ನಿನ್ನ ಹೆಸರು ಹೇಳ್ಕೊಂಡು ಮೆರೆದೆ. ತಪ್ಪಾಯ್ತು. ನನ್ ಕೈಲಿ ಏನೂ ಆಗಲ್ಲ. ನನ್ ಕೈ ಹೋದ್ರೂ ಹೋಗ್ಲಿ, ನೀನು ಮಾತ್ರ ಕೈ ಬಿಡಬೇಡ."

ಮೊದಲ ಗಂಟು. ಬೆರಳ ತುದಿ ಉರಿಯಿತು. ಎರಡು. ಏನೋ ತಣ್ಣಗೆ ಮುಂಗೈ ಮೇಲೆ ಹರಿಯಿತು. ಒಂದಲ್ಲ, ನೂರು. ಮೂರು. ನಾಲ್ಕು. ಬೆರಳು ಮರಗಟ್ಟಿತು. "ಸ್ವಾಮಿ, ಕೈ ಬಿಡಬೇಡ." ಐದು. ಮಗುವಿನ ಉಸಿರು ಕೇಳುತ್ತಿಲ್ಲ. ಆರು. ಕಿಟಕಿಯಲ್ಲಿ ಬೆಳಕಿನ ಗೆರೆಯೊಂದೇ ಉಳಿದಿತ್ತು. ಬೆರಳು ಅಲ್ಲಾಡಲಿಲ್ಲ. ಏಳನೆಯ ಗಂಟನ್ನು ಹಲ್ಲಿನಿಂದ ಕಚ್ಚಿದ. ಬಾಯಿತುಂಬ ಕೊಳೆತ ರುಚಿ. ಎಳೆದ. ಬಿಡಲಿಲ್ಲ. ಎಳೆದ.

ಬಿಚ್ಚಿತು.

ಚರಚರ ನಿಂತಿತು. ಆ ಮೌನದಲ್ಲಿ ಒಂದು ಕೆಮ್ಮು.

"ಅಪ್ಪಾ, ನನ್ ಕುರೀನ ಯಾಕೆ ಬೀಳ್ಸಿದ್ದೀಯ?"

ಲೂರ್ದಮ್ಮ ಹೋ ಎಂದು ಅತ್ತಳು. ಹೊಸಿಲಾಚೆ ಕದಿರಮ್ಮನೂ ಅತ್ತಳು. ಚಂದ್ರಿಕೆಯನ್ನು ಅಂಗಳಕ್ಕೆಳೆದು ಮೂವರೂ ನಿಂತು ಸುಟ್ಟರು. ಇನ್ನು ಅದು ಯಾರ ಮನೆಗೂ ಹೋಗುವಂತಿರಲಿಲ್ಲ.

ಇನ್ನಾಸಪ್ಪನ ಹತ್ತು ಬೆರಳೂ ಹುಳದ ಹಾಗೆ ಬೆಳ್ಳಗೆ, ಮೆತ್ತಗಾದವು. ಮತ್ತೆ ಸ್ಟೀರಿಂಗ್ ಹಿಡಿಯಲಿಲ್ಲ, ತುತ್ತನ್ನೂ ಎತ್ತಲಿಲ್ಲ. ಕ್ರಿಸ್‌ಮಸ್ ದಿನ ಚರ್ಚಿನಲ್ಲಿ ಎಲ್ಲರೂ ಶಿಲುಬೆ ಗುರುತು ಹಾಕಿಕೊಳ್ಳುವಾಗ ಅವನ ಕೈ ತೊಡೆಯ ಮೇಲೆ ಬಿದ್ದೇ ಇತ್ತು. ಅವನು ತಲೆ ತಗ್ಗಿಸಿದ.

ಸೆಲಿನಾ ನೋಡಿದಳು. ಎರಡೂ ಕೈಯಿಂದ ಅಪ್ಪನ ಬಲಗೈ ಎತ್ತಿ ಅವನ ಹಣೆಗೆ ಮುಟ್ಟಿಸಿದಳು. ಆಮೇಲೆ ಎದೆಗೆ. ಆಮೇಲೆ ಎಡಭುಜಕ್ಕೆ, ಬಲಭುಜಕ್ಕೆ.

"ಭಾರ ಕಣಪ್ಪಾ ನಿನ್ ಕೈ," ಎಂದಳು. ಆದರೆ ಬಿಡಲಿಲ್ಲ.