ಗೋಡೆಗೆ ಮುಖ ಮಾಡಿದ ಅಜ್ಜಿ

೧೯೮೭ರ ಮಾರ್ಚ್ ಹನ್ನೆರಡು, ಗುರುವಾರ, ಬೆಳಗ್ಗೆ ಒಂಬತ್ತೂಕಾಲು. ಯೆಲೋವಾ ಹಳ್ಳಿಯ ಠಾಣೆಗೆ ಕ್ಲಬ್ಬಿನ ಮೇಲ್ವಿಚಾರಕಿ ಜಿನಾಯಿದಾ ತಲೆಗೆ ಬಟ್ಟೆಯನ್ನೂ ಕಟ್ಟದೆ ಓಡಿಬಂದಳು. ಯೆನಿಸೇಯ್ ನದಿ ಇನ್ನೂ ಕಲ್ಲಿನಂತೆ ಹೆಪ್ಪುಗಟ್ಟಿತ್ತು. ಆ ಚಳಿಯಲ್ಲಿ ಹೆಂಗಸೊಬ್ಬಳು ಬರಿದಲೆಯಲ್ಲಿ ಬಂದಳೆಂದರೆ ಯಾರೋ ಸತ್ತಿರಬೇಕೆಂದು ಇನ್‌ಸ್ಪೆಕ್ಟರ್ ರೊದಿಯೋನ್ ಕೊತೂಸೊವ್ ಚಹಾದ ಲೋಟ ಕೆಳಗಿಟ್ಟ.

"ಲಾತಿಕೊವಾ ಅಜ್ಜಿ ಕಳುವಾಗಿದ್ದಾಳೆ ಸಾರ್!"

"ಆಯಮ್ಮ ಸತ್ತು ಹದಿನಾರು ವರ್ಷ ಆಯ್ತಲ್ಲ?"

"ಅಯ್ಯೋ, ಅಜ್ಜಿಯಲ್ಲ, ಅಜ್ಜಿಯ ಟೇಪು!"

ದೂರು ಬರೆದುಕೊಳ್ಳಲಾಯಿತು. ಲಾತಿಕೊವಾ ಅಜ್ಜಿ ಯುಗ್ ಭಾಷೆ ಆಡುತ್ತಿದ್ದ ಕೊನೆಯ ಜೀವ. ಅವಳು ಸಾಯುವ ಎರಡು ವರ್ಷ ಮೊದಲು ತೋಮ್ಸ್ಕ್ ನಗರದಿಂದ ಬಂದ ವಿದ್ವಾಂಸರೊಬ್ಬರು ಅವಳ ಮಾತನ್ನು ಒಂದು ಟೇಪಿನ ಸುರುಳಿಗೆ ಹಿಡಿದಿದ್ದರು. ನಗರದಲ್ಲಿದ್ದ ಪ್ರತಿ ತೇವ ಹಿಡಿದು ಹಾಳಾಗಿತ್ತು. ಉಳಿದದ್ದು ಕ್ಲಬ್ಬಿನ ಕಪಾಟಿನಲ್ಲಿದ್ದ ಈ ಒಂದೇ. ಭಾನುವಾರ ಅದೇ ವಿದ್ವಾಂಸರು ಮತ್ತೆ ಬರುವವರಿದ್ದರು, ಊರವರ ಮುಂದೆ ಟೇಪು ಹಾಕುವುದಿತ್ತು.

ಕಲಂ ಬರೆದು, ಸಹಿ ಹಾಕಿಸಿ, ಕೊತೂಸೊವ್ ಕಾನ್‌ಸ್ಟೇಬಲ್ ಪಖೋಮೊವ್‌ನನ್ನು ಕರೆದುಕೊಂಡು ಸ್ಥಳಕ್ಕೆ ಹೋದ. ಬೀಗ ಒಡೆದಿರಲಿಲ್ಲ. ಬೀಗದ ಕೈ ಒಲೆಯ ಹಿಂದಿನ ಮೊಳೆಯಲ್ಲಿ ನೇತಾಡುತ್ತದೆಂಬುದು ಊರಿನ ನಾಯಿಗೂ ಗೊತ್ತು. ಕಪಾಟಿನಲ್ಲಿ ಅಕಾರ್ಡಿಯನ್ ಇತ್ತು, ಟೇಪ್ ರೆಕಾರ್ಡರ್ ಇತ್ತು, ಯಂತ್ರ ಒರೆಸಲೆಂದು ಇಟ್ಟಿದ್ದ ಸ್ಪಿರಿಟ್ಟಿನ ತುಂಬಿದ ಬಾಟಲಿಯೂ ಇತ್ತು.

"ನಾನು ಸಾವ್ಕಾನೇ ಇರಬೇಕು ಅಂದ್ಕೊಂಡಿದ್ದೆ ಸಾರ್," ಎಂದ ಪಖೋಮೊವ್. ಸಾವ್ಕಾ ಶಾಲೆಯ ಕಾವಲುಗಾರ, ಊರಿನ ಹೆಸರುವಾಸಿ ಕುಡುಕ. "ಆದರೆ ಅವನು ಬಂದಿದ್ರೆ ಟೇಪು ಇರ್ತಿತ್ತು, ಬಾಟಲಿ ಇರ್ತಿರಲಿಲ್ಲ."

ಕೊತೂಸೊವ್‌ಗೆ ನಗು ಬರಲಿಲ್ಲ. ಬೆಲೆ ಬಾಳುವುದನ್ನೆಲ್ಲ ಬಿಟ್ಟು, ಯಾರಿಗೂ ಅರ್ಥವಾಗದ ಮಾತನ್ನು ಕದ್ದವರು ಯಾರು? ಯಾರಿಗೂ ಅರ್ಥವಾಗದು ಎಂದುಕೊಂಡದ್ದೇ ತಪ್ಪಿರಬಹುದೆ?

"ಭಾನುವಾರದ ಬಗ್ಗೆ ಏನಂತ ಬರೆದು ಅಂಟಿಸಿದ್ದೆ?" ಎಂದು ಜಿನಾಯಿದಾಳನ್ನು ಕೇಳಿದ.

"ಟೇಪು ಹಾಕ್ತೀವಿ, ಉಲ್ಯಾನಾ ಅಜ್ಜಿ ಅರ್ಥ ಹೇಳ್ತಾರೆ, ಅಂತ."

ಉಲ್ಯಾನಾ ಕೊತೂಸೊವ್‌ನ ಸೋದರತ್ತೆ. ಅವಳದು ಕೇತ್ ಭಾಷೆ, ಯುಗ್‌ನ ಒಡಹುಟ್ಟು.

"ಅದನ್ನು ಓದಿ ಯಾರಾದರೂ ಏನಾದರೂ ಅಂದರಾ?"

"ಅಗ್ರಫೇನಕ್ಕ ಬಂದಿದ್ರು. ಅರ್ಥ ಇನ್ನೊಂದು ಸಲ ಯಾಕೆ, ಆವತ್ತೇ ನಾನು ರಷ್ಯನ್‌ನಲ್ಲಿ ಹೇಳಿದ್ದೀನಲ್ಲ, ಅಂದ್ರು. ಅಷ್ಟೇ."

ಅಗ್ರಫೇನಾ ಲಾತಿಕೊವಾ ಆ ಅಜ್ಜಿಯ ಮಗಳು, ಶಾಲೆಯ ಅಡುಗೆಯವಳು. ಹಬ್ಬ ಬಂದರೆ ಅವಳನ್ನು ವೇದಿಕೆಯ ಮುಂದಿನ ಕುರ್ಚಿಯಲ್ಲಿ ಕೂರಿಸುತ್ತಿದ್ದರು. ಕೊನೆಯ ಯುಗ್ ಅಜ್ಜಿಯನ್ನು ಕೊನೆತನಕ ನೋಡಿಕೊಂಡ ಮಗಳು ಎಂದು ಊರೇ ಹೇಳುತ್ತಿತ್ತು.

ಹನ್ನೊಂದು ಗಂಟೆಗೆ ಅವಳ ಮನೆಯಲ್ಲಿ ವಿಚಾರಣೆ. ಅವಳು ಬಿಸಿ ಮೀನಿನ ಸಾರು ಬಡಿಸಿದಳು.

"ಟೇಪು ಯಾರು ತಗೊಂಡಿರಬಹುದು ಅಕ್ಕ?"

"ನನಗೇನು ಗೊತ್ತಪ್ಪ. ಅದರಲ್ಲಿ ಏನಿದೆ ಮಣ್ಣು! ಈ ವರ್ಷ ಮೀನು ಚೆನ್ನಾಗಿ ಬಿತ್ತು, ಮಂಜು ತಡವಾಯ್ತು, ಅಷ್ಟೇ ಅಮ್ಮ ಹೇಳಿದ್ದು."

"ನಿಮಗೆ ಆ ಭಾಷೆ ಬರುತ್ತಾ?"

"ಹಾಸ್ಟೆಲಿನಲ್ಲಿ ಬಾಯಿಗೆ ಸೋಪು ತುರುಕಿ ಮರೆಸಿದ್ರು. ಏನೋ ನಾಲ್ಕು ಮಾತು."

ಪಖೋಮೊವ್ ಮೆಲ್ಲಗೆ ಮನೆಯನ್ನೆಲ್ಲ ಕಣ್ಣಾಡಿಸುತ್ತಿದ್ದ. ಕೊತೂಸೊವ್‌ನ ಕಣ್ಣು ಮಾತ್ರ ಬಾಗಿಲಿನ ಎದುರುಗಡೆಯ ಹಲಗೆಯ ಮೇಲೆ ನಿಂತಿತು. ಅಲ್ಲಿ ಬರ್ಚ್ ತೊಗಟೆಯ ಪೆಟ್ಟಿಗೆ, ಅದರ ಹೊರಗೆ ಮನೆ ಕಾಯುವ ಮರದ ಅಜ್ಜಿ. ಕೇತ್ ಮನೆಯಲ್ಲೂ ಯುಗ್ ಮನೆಯಲ್ಲೂ ಅವಳಿಗೆ ಅಲೆಲ್ ಎನ್ನುತ್ತಾರೆ, ಅಂಗಿ ತೊಡಿಸುತ್ತಾರೆ, ಬಾಯಿಗೆ ಕೊಬ್ಬು ಸವರುತ್ತಾರೆ, ಪೆಟ್ಟಿಗೆಯಲ್ಲಿ ಬೆಚ್ಚಗೆ ಮಲಗಿಸುತ್ತಾರೆ. ಮನೆಯಾಕೆ ಬಿಟ್ಟು ಬೇರೆಯವರು ಮುಟ್ಟುವಂತಿಲ್ಲ. ಈ ಅಜ್ಜಿಯನ್ನು ಹೊರಗೆ ಕೂರಿಸಿದ್ದರು. ಮುಖ ಗೋಡೆಯ ಕಡೆಗಿತ್ತು.

ಅವನಿಗೆ ಅಲ್ಲೇ ತಿಳಿದುಹೋಯಿತು. ಅಲ್ಲಿಯೇ ಕೇಳಬೇಕಿತ್ತು, ಬಾಯಿ ಬರಲಿಲ್ಲ. ಪೆಟ್ಟಿಗೆ ತೆಗೆಸಬೇಕಾದರೆ ಪಂಚರು ಬೇಕು ಎಂದು ತನಗೆ ತಾನೇ ಹೇಳಿಕೊಂಡು, ಪಖೋಮೊವ್‌ನನ್ನು ಹೊಸ್ತಿಲ ಬಳಿ ಕಾವಲಿಗೆ ಬಿಟ್ಟು ಹೊರಬಿದ್ದ.

ಠಾಣೆಯಿಂದ ತೋಮ್ಸ್ಕ್‌ಗೆ ಫೋನು ಹಚ್ಚಿದ. ವಿದ್ವಾಂಸರು ಅಳುವುದೊಂದು ಬಾಕಿ.

"ಇನ್‌ಸ್ಪೆಕ್ಟರೇ, ಪುಂಪೊಕೊಲ್ ಅಂತ ಇದರದೇ ದಾಯಾದಿ ಭಾಷೆ ಒಂದಿತ್ತು. ಹಿಂದೆ ಬರೆದುಕೊಂಡವರು ಪಕ್ಕದವರ ಮಾತನ್ನೂ ಅದಕ್ಕೆ ಬೆರೆಸಿಬಿಟ್ಟರು. ಅದರದ್ದು ಯಾವುದು, ಅಲ್ಲದ್ದು ಯಾವುದು, ಈಗ ಕೇಳೋಣ ಅಂದ್ರೆ ಆಡೋರು ಒಬ್ಬರೂ ಇಲ್ಲ. ಯುಗ್‌ಗೂ ಅದೇ ಗತಿ ಬರಬಾರದು. ಹೇಗಾದರೂ ಹುಡುಕಿಕೊಡಿ."

ಮಧ್ಯಾಹ್ನ ಎರಡು ಗಂಟೆಗೆ ಪಂಚರಾಗಿ ಉಲ್ಯಾನತ್ತೆಯನ್ನೂ ಸಾವ್ಕಾನನ್ನೂ ಕರೆದುಕೊಂಡು, ಜಿನಾಯಿದಾಳ ಕೈಯಲ್ಲಿ ರೆಕಾರ್ಡರ್ ಹೊರಿಸಿಕೊಂಡು ಕೊತೂಸೊವ್ ಮತ್ತೆ ಅಗ್ರಫೇನಾಳ ಮನೆಗೆ ಬಂದ.

"ಅಕ್ಕ, ಅಜ್ಜಿ ಮುಖ ಯಾಕೆ ಗೋಡೆ ಕಡೆಗಿದೆ?"

ಅಗ್ರಫೇನಾ ಕೂತು ಮೀನು ತೊಳೆಯುತ್ತಲೇ ಇದ್ದಳು.

"ನಾವು ಯಾರೂ ಮುಟ್ಟಲ್ಲ. ಪೆಟ್ಟಿಗೆ ನೀವೇ ತೆಗೀರಿ."

ಅವಳು ಎದ್ದಳು, ಒದ್ದೆ ಕೈಯನ್ನು ಮುಂಬಟ್ಟೆಗೆ ಒರೆಸಿಕೊಂಡು ಪೆಟ್ಟಿಗೆಯ ದಾರ ಬಿಚ್ಚಿದಳು. ಅಜ್ಜಿಯ ಮೊಲದ ಚರ್ಮದ ಹಾಸಿಗೆಯಲ್ಲಿ ಟೇಪಿನ ಸುರುಳಿ ಮಲಗಿತ್ತು. ಪಖೋಮೊವ್ ಟೋಪಿ ತೆಗೆದು ಬೆವರು ಒರೆಸಿಕೊಂಡ. ಇಡೀ ಮನೆ ನೋಡಿದ್ದವನು ಅದೊಂದನ್ನು ಬೊಂಬೆಯ ಪೆಟ್ಟಿಗೆ ಎಂದುಕೊಂಡು ಬಿಟ್ಟಿದ್ದ.

ಸಿಕ್ಕಿದ ಮಾಲು ಅದೇ ಹೌದೋ ಅಲ್ಲವೋ ಪಂಚರ ಮುಂದೆ ಖಚಿತವಾಗಬೇಕು. ಟೇಪು ಹಾಕಬೇಕಾಯಿತು.

"ಬೇಡ ರೋದ್ಯಾ," ಎಂದಳು ಅಗ್ರಫೇನಾ, ಕೊತೂಸೊವ್‌ನನ್ನು ಬಾಲ್ಯದ ಹೆಸರಿನಿಂದ ಕರೆದು. "ಜೈಲಿಗೆ ಬೇಕಾದರೆ ಹಾಕು. ಇದೊಂದು ಬೇಡ."

ಚಕ್ರ ತಿರುಗಿತು. ಸರಸರ ಸದ್ದು, ಆಮೇಲೆ ಮುದುಕಿಯ ದನಿ, ಅಳುತ್ತ ಆಡುವ ದನಿ. ಅದರ ಹಿಂದೆಯೇ ಪ್ರಾಯದ ಅಗ್ರಫೇನಾಳ ಗಟ್ಟಿ ರಷ್ಯನ್: 'ಮೀನು ಚೆನ್ನಾಗಿ ಬಿತ್ತು ಅಂತಾಳೆ.' ಮತ್ತೆ ಮುದುಕಿ. 'ಮಂಜು ತಡವಾಯ್ತು ಅಂತಾಳೆ.'

ಕೊತೂಸೊವ್‌ಗೆ ಒಂದು ಮಾತೂ ತಿಳಿಯಲಿಲ್ಲ. ಒಡಹುಟ್ಟಿನ ಮಾತು, ತನ್ನ ಮನೆಯ ಜಗಲಿಯಲ್ಲೇ ಕೇಳಬೇಕಿದ್ದ ಮಾತು, ಪರದೇಶಿಯ ಹಾಗೆ ಕೂತು ಕೇಳುತ್ತಿದ್ದೇನಲ್ಲ ಎಂದು ನಾಚಿಕೆಯಾಯಿತು.

"ಅತ್ತೆ, ಪಂಚನಾಮೆಗೆ ಬರೀಬೇಕು. ಏನು ಹೇಳ್ತಿದ್ದಾಳೆ?"

ಉಲ್ಯಾನತ್ತೆ ಅಗ್ರಫೇನಾಳ ಮುಖ ನೋಡಿದಳು. ಊರ ಬಾಯಿಗೆ ಬೀಗವಿಲ್ಲದ ಸಾವ್ಕಾನ ಮುಖವನ್ನೂ ನೋಡಿದಳು. ಆಮೇಲೆ ಕಣ್ಣು ತಗ್ಗಿಸಿ, "ಮೀನು ಕಣೋ. ಮೀನಿನ ವಿಷಯಾನೇ," ಎಂದಳು.

ಕೊತೂಸೊವ್‌ನ ಪೆನ್ನು ಕಾಗದದ ಮೇಲೆ ನಿಂತಿತು. ಬರೆದರೆ ಮುಗಿಯಿತು. ಮುಂದೆ ಓದಿದವರೆಲ್ಲ ಆ ಮುದುಕಿಯ ಅಳುವನ್ನು ಮೀನು ಎಂದೇ ತಿಳಿಯುತ್ತಾರೆ. ಬರೆದುಬಿಡಲೇ ಎಂದು ಒಂದು ಕ್ಷಣ ಅವನಿಗೂ ಅನ್ನಿಸಿತು.

"ಸುಳ್ಳು ಬರೆಸಬೇಡಿ ದೊಡ್ಡಮ್ಮ," ಎಂದಳು ಅಗ್ರಫೇನಾ. ಅವಳ ಮುಖ ಕೆಂಪಗೆ ಉರಿಯುತ್ತಿತ್ತು. "ನನ್ನ ಸುಳ್ಳೇ ಸಾಕು. ಇದ್ದದ್ದು ಹೇಳಿ."

ಉಲ್ಯಾನತ್ತೆ ನಿಟ್ಟುಸಿರುಬಿಟ್ಟಳು. "ಅರ್ಧಕ್ಕರ್ಧ ತಿಳಿಯುತ್ತೆ. ಟೇಪು ಹಿಡಿಯೋಕೆ ಬಂದ ವಿದ್ವಾಂಸರಿಗೆ ಹೇಳ್ತಿದ್ದಾಳೆ. ಅಂಗಳದಾಚೆಯ ಸ್ನಾನದ ಮನೇಲಿ ಮಲಗ್ತೀನಿ ಅಂತಾಳೆ. ಚಳಿ ಅಂತಾಳೆ. ನನ್ನ ಮಾತು ಕೇಳಿದ್ರೆ ಮಗಳಿಗೆ ನಾಚಿಕೆ, ನೆಂಟರು ಬಂದರೆ ನಾನು ಹೊರಗೆ. ನೀನು ಬರ್ತೀಯ ಅಂತ ಇವತ್ತು ಮೀಯಿಸಿ ಒಳಗೆ ಕೂರಿಸಿದ್ದಾಳೆ. ಮಗನೇ, ನಿನ್ನ ಜೊತೆ ಕರ್ಕೊಂಡು ಹೋಗು, ಅಂತಾಳೆ."

ಸಾವ್ಕಾ ಟೋಪಿ ತೆಗೆದು ಮೊಣಕಾಲ ಮೇಲಿಟ್ಟುಕೊಂಡ. ಜಿನಾಯಿದಾ ಮುಖ ತಿರುಗಿಸಿದಳು. ಟೇಪು ಇನ್ನೂ ಓಡುತ್ತಿತ್ತು, ಮುದುಕಿ ಕೊನೆಗೆ ಏನೋ ಮೆಲ್ಲಗೆ ಹೇಳಿದಳು. ಅದಕ್ಕೆ ಮಗಳ ರಷ್ಯನ್ ಇರಲಿಲ್ಲ.

"ಇದು ನನಗೆ ತಿಳಿಯಲ್ಲ," ಎಂದಳು ಉಲ್ಯಾನತ್ತೆ. "ನಮ್ಮಲ್ಲಿ ಈ ಮಾತಿಲ್ಲ."

ಎಲ್ಲರೂ ಅಗ್ರಫೇನಾಳ ಕಡೆ ತಿರುಗಿದರು. ಅವಳು ತಲೆ ತಗ್ಗಿಸಿಕೊಂಡು, ಮೊದಲು ತಾಯಿಯ ಮಾತನ್ನು ತಾಯಿಯ ಭಾಷೆಯಲ್ಲೇ ಒಂದಕ್ಷರ ತಪ್ಪದೆ ಹೇಳಿದಳು. ನಾಲ್ಕು ಮಾತು ಬರುತ್ತದೆಂದವಳು. ಆಮೇಲೆ ಅರ್ಥ ಹೇಳಿದಳು: "ಹುಡುಗಿಗೆ ಬೈಯಬೇಡ. ಅವಳಿಗೂ ಈ ಮಾತು ಬರುತ್ತೆ. ಹೆದರಿಸಿಬಿಟ್ಟಿದ್ದಾರೆ, ಪಾಪ."

ಮೂರೂವರೆಗೆ ಪಂಚನಾಮೆ ಮುಗಿಯಿತು. ಆರೋಪಿ ತಪ್ಪೊಪ್ಪಿಕೊಂಡಿದ್ದಾಳೆ, ದಸ್ತಗಿರಿ ಮಾಡಲಾಗಿದೆ. ಕಾರಣವೆಂಬ ಕಡೆ ಕೊತೂಸೊವ್ 'ನಾಚಿಕೆ' ಎಂದು ಬರೆದ. ಅದು ಯಾವ ಕಲಮಿನಲ್ಲೂ ಬರುವುದಿಲ್ಲವೆಂದು ಪಖೋಮೊವ್ ಹೇಳಿದರೂ ಹೊಡೆದುಹಾಕಲಿಲ್ಲ.

"ಭಾನುವಾರ ಅವರು ಬರ್ತಾರೆ ಅಕ್ಕ. ಅರ್ಥ ಹೇಳೋಕೆ ನಿಮ್ಮನ್ನ ಬಿಟ್ಟರೆ ಯಾರೂ ಇಲ್ಲ."

"ಎಲ್ಲರ ಮುಂದೆಯಾ?"

"ಎಲ್ಲರ ಮುಂದೆ. ನಾನೂ ಅಲ್ಲೇ ಇರ್ತೀನಿ."

ಅವಳು ಕೋಟು ಹಾಕಿಕೊಂಡಳು. ಮರದ ಅಜ್ಜಿಯನ್ನು ಮನೆಯ ಕಡೆಗೆ ತಿರುಗಿಸಿ, ಬಾಯಿಗೆ ಬೆರಳಿನಿಂದ ಮೀನಿನ ಕೊಬ್ಬು ಸವರಿ, ಪೆಟ್ಟಿಗೆಯಲ್ಲಿ ಮಲಗಿಸಿದಳು. ಒಲೆ ಧಗಧಗ ಉರಿಯುತ್ತಿತ್ತು. ಅದನ್ನು ನೋಡಿ ಕೊತೂಸೊವ್‌ಗೆ ತಡೆಯಲಾಗಲಿಲ್ಲ.

"ಒಲೆ ಇಲ್ಲೇ ಇತ್ತಲ್ಲ ಅಕ್ಕ. ಟೇಪನ್ನ ಯಾಕೆ ಹಾಕಲಿಲ್ಲ?"

"ಹಾಕೋಕೇ ತಂದಿದ್ದೆ," ಎಂದಳು ಅಗ್ರಫೇನಾ. "ಅಮ್ಮ ಬೈದಿದ್ರೆ ಹಾಕ್ತಿದ್ದೆ ಕಣಪ್ಪ. ಬೈಯಲಿಲ್ಲವಲ್ಲ."

ಅವಳೇ ಮುಂದಾಗಿ ಬಾಗಿಲು ತೆಗೆದು ಠಾಣೆಯ ದಾರಿ ಹಿಡಿದಳು. ದಾರಿಯಲ್ಲಿ ಅಂಗಳದಾಚೆಯ ಆ ಸ್ನಾನದ ಮನೆ ಬಂತು. ಅದನ್ನು ದಾಟುವಾಗ ಅವಳು ತಲೆ ಎತ್ತಲಿಲ್ಲ.