ಬೀಳಲು ಕಲಿತ ಹೊಂಬಾಳೆ

ಬಹಳ ಕಾಲದ ಹಿಂದೆ, ಬೆಟ್ಟಗಳು ಇನ್ನೂ ಒಂದಕ್ಕೊಂದು ಮಾತಾಡಿಕೊಳ್ಳುತ್ತಿದ್ದ ಕಾಲದಲ್ಲಿ, ಕಂಬದೂರು ಅನ್ನುವ ಒಂದು ರಾಜ್ಯವಿತ್ತು. ಅಲ್ಲಿ ನಡೆಯಲು ಕಲಿತ ಕೂಸು ಮರುದಿನವೇ ಕಂಬ ಹತ್ತುತ್ತಿತ್ತು. ಊರ ನಡುವಿನ ಗರಡಿಯಲ್ಲಿ ಎಣ್ಣೆ ಹಚ್ಚಿದ ತೇಗದ ಕಂಬಗಳು ಸಾಲಾಗಿ ನಿಂತಿದ್ದವು. ಹುಡುಗರೂ ಹುಡುಗಿಯರೂ ಅಳಿಲುಗಳ ಹಾಗೆ ಸರಸರ ಹತ್ತಿ, ಬಾವಲಿಗಳ ಹಾಗೆ ತಲೆಕೆಳಗಾಗಿ ತೂಗಾಡುತ್ತಿದ್ದರು.

ಆ ಗರಡಿಗೆ ಒಂದು ಕಟ್ಟಳೆ ಇತ್ತು. ಬೆನ್ನಿಗೆ ಮಣ್ಣು ತಾಗಿದವರು ಮತ್ತೆ ಅದರ ಹೊಸ್ತಿಲು ತುಳಿಯುವಂತಿಲ್ಲ. ಹಾಗಾಗಿ ಜಾರಿದವರೆಲ್ಲ ಬೆನ್ನು ಉಳಿಸಿಕೊಳ್ಳಲು ಕೈಯನ್ನು ಗೂಟದಂತೆ ನೆಲಕ್ಕೆ ಊರುತ್ತಿದ್ದರು. ಬೆನ್ನು ಉಳಿಯುತ್ತಿತ್ತು, ಕೈ ಮುರಿಯುತ್ತಿತ್ತು. ಮದುವೆಮನೆಯಲ್ಲಿ ಅರ್ಧ ಪಂಕ್ತಿ ಎಡಗೈಲಿ ಉಣ್ಣುತ್ತಿತ್ತು. ಅದು ಯಾರಿಗೂ ವಿಚಿತ್ರ ಅನ್ನಿಸಿರಲಿಲ್ಲ. ರಾಜ ಮಲ್ಲರಸನ ಬಲಗೈಯೇ ಕುಡುಗೋಲಿನಂತೆ ಸೊಟ್ಟಗಿತ್ತು. ಹಬ್ಬದ ದಿನ ಆತ ಅದಕ್ಕೆ ಗಂಧ ಹಚ್ಚಿ ಎಲ್ಲರಿಗೂ ಕಾಣುವ ಹಾಗೆ ಮೆರೆಸುತ್ತಿದ್ದ.

ರಾಜ್ಯದ ಗಡಿಯಲ್ಲಿ ಒಂದು ಬೋಳುಗುಡ್ಡ. ಅದರ ನೆತ್ತಿಯ ಮೇಲೆ ಒಂದು ಕರಿಕಂಬ. ಆ ಕಂಬದ ತುದಿಯಲ್ಲಿ ಬಿಗಿಮುಷ್ಟಿ ಅನ್ನುವ ಮಾಂತ್ರಿಕ ಕೂತಿರುತ್ತಿದ್ದ. ಅವನು ಆ ಗುಡ್ಡದ ನೆಲಕ್ಕೆ ಜೀವ ಕೊಟ್ಟಿದ್ದ. ಯಾರಾದರೂ ಧೊಪ್ಪನೆ ಬಿದ್ದರೆ, ನೆಲ ತನಗೇ ಹೊಡೆದರೆಂದು ಸಿಟ್ಟಾಗಿ ಅವರನ್ನು ಹಿಡಿದು ಕಲ್ಲು ಮಾಡುತ್ತಿತ್ತು. ಬಿಗಿಮುಷ್ಟಿ ಮೇಲಿನಿಂದ ಊರಿಗೆಲ್ಲ ಕೇಳುವ ಹಾಗೆ ಕೂಗುತ್ತಿದ್ದ. "ಕಂಬದೂರಲ್ಲಿ ಕಂಬ ಹತ್ತೋರು ಇದ್ದೀರೇನ್ರೋ? ಇಲ್ಲ ಬರೀ ನುಗ್ಗೆಮರ ಹತ್ತೋರಾ?"

ಇಂಥ ಮಾತು ಕೇಳಿ ಸುಮ್ಮನಿರಲು ಪ್ರಾಯದವರಿಗೆ ಆಗುತ್ತದೆಯೆ? ಹೋದವರು ಹೋದರು, ಕಲ್ಲಾದರು. ಒಂದು ದಿನ ರಾಜಕುಮಾರ ಚೆನ್ನಾಂಕನೂ ಹೋದ. ಅವನೂ ಕೈ ಚಾಚಿದ ಒಂದು ಕಲ್ಲಾದ.

ಅವನ ಅಕ್ಕ ಹೊಂಬಾಳೆ. ಗರಡಿಯಲ್ಲಿ ಅವಳನ್ನು ಮೀರಿಸಿದವರಿರಲಿಲ್ಲ. ತಮ್ಮನನ್ನು ತಂದೇ ತರುತ್ತೇನೆಂದು ಅವಳು ಹಟ ಹಿಡಿದಳು. ಆದರೆ ಕಣ್ಣು ಮುಚ್ಚಿದರೆ ಸಾಕು, ಆ ಚಾಚಿದ ಕೈ ಎದುರು ಬಂದು ನಿಲ್ಲುತ್ತಿತ್ತು. ತಾನೂ ಬಿದ್ದರೆ ಅದನ್ನೇ ಮಾಡುತ್ತೇನೆಂದು ಅವಳಿಗೆ ಗೊತ್ತಿತ್ತು.

ಆ ದಿನಗಳಲ್ಲೇ ಊರೂರು ತಿರುಗುವ ದೊಂಬರ ಕಾಡಪ್ಪ ಕತ್ತೆಯ ಮೇಲೆ ಡೋಲು ಹೇರಿಕೊಂಡು ಬಂದ. ಸಂತೆಬಯಲಲ್ಲಿ ಬಿದಿರು ನೆಟ್ಟು, ತುದಿಗೇರಿ, ಬೇಕಂತಲೇ ಬಿದ್ದ. ನೋಡುತ್ತಿದ್ದವರು ಅಯ್ಯೋ ಅನ್ನುವಷ್ಟರಲ್ಲಿ ಕಡಲೆಕಾಯಿ ಕೇಳುತ್ತ ಎದ್ದು ನಿಂತಿದ್ದ. ಬೆನ್ನೆಲ್ಲ ಧೂಳು. ಜನ ಮುಖ ಸಿಂಡರಿಸಿದರು. ಹೊಂಬಾಳೆ ಮಾತ್ರ ಅವನ ಬೆನ್ನನ್ನಲ್ಲ, ಅವನ ಎರಡೂ ಕೈಗಳನ್ನು ನೋಡಿದಳು. ನೆಟ್ಟಗಿದ್ದವು.

"ಕಾಡಣ್ಣ, ಬೀಳೋದು ಹೇಳಿಕೊಡ್ತೀಯಾ?" ಅಂದಳು.

ಅವನು ಕಡಲೆಕಾಯಿ ಸುಲಿಯುತ್ತ ನಕ್ಕ. "ಹತ್ತೋಕೆ ಕೇಳ್ತಾರೆ, ಹಾರೋಕೆ ಕೇಳ್ತಾರೆ. ಬೀಳೋಕೆ ಕೇಳಿದವಳು ನೀನೊಬ್ಬಳೇ ಕಣವ್ವ. ಬಾ, ಹುಲ್ಲು ಹಾಸು."

ಸುದ್ದಿ ಅರಮನೆ ಮುಟ್ಟಿತು. ಮಲ್ಲರಸ ಹುಲ್ಲಿನ ಬಣವೆಯ ಹತ್ತಿರಕ್ಕೇ ಬಂದು ನಿಂತ. ಬೆನ್ನು ಮಣ್ಣಾದರೆ ರಾಜನ ಮಗಳಿಗೂ ಗರಡಿಯಿಲ್ಲ ಅಂದ. ಅವನ ದನಿ ಗಟ್ಟಿಯಾಗಿತ್ತು, ಕಣ್ಣು ಒದ್ದೆಯಾಗಿತ್ತು.

"ಗರಡಿ ಹೋದರೆ ಹೋಗಲಿ ಅಪ್ಪಾಜಿ, ನನಗೆ ಚೆನ್ನಾಂಕ ಬೇಕು," ಅಂದವಳೇ ಹೊಂಬಾಳೆ ಹಿಂದಕ್ಕೆ ಉರುಳಿದಳು. ಬೆನ್ನಿಗೆ ಮಣ್ಣು ತಾಗಿತು. ರಾಜ ಅರಮನೆಗೆ ಹಿಂತಿರುಗಿದ.

ಮೊದಲು ಕುಕ್ಕರಗಾಲಲ್ಲಿ ಕೂತು ಬಿದ್ದಳು. ಆಮೇಲೆ ನಿಂತು ಬಿದ್ದಳು. ಆಮೇಲೆ ಓಡುತ್ತ, ಕಟ್ಟೆಯಿಂದ, ಕತ್ತೆಯ ಮೇಲಿಂದ. ಕತ್ತೆ ಎರಡು ಸಲ ತಾನಾಗಿಯೇ ಬೀಳಿಸಿತು, ಅದನ್ನೂ ಕಾಡಪ್ಪ ಪಾಠದ ಲೆಕ್ಕಕ್ಕೇ ಸೇರಿಸಿಕೊಂಡ. ಬಿದ್ದಾಗಲೆಲ್ಲ ಅವನದು ಒಂದೇ ಹಾಡು: "ಗಲ್ಲ ಎದೆಗೆ, ಕೈ ಒಳಗೆ, ಉಸಿರು ಹೊರಗೆ, ಉರುಳು!"

ಯಾಕೆ ಹಾಗೆ ಅಂತ ಹೊಂಬಾಳೆ ಕೇಳಿದಳು. ಕಾಡಪ್ಪ ಹೇಳಿದ: "ಪೆಟ್ಟು ಅನ್ನೋದು ಪಾಯಸ ಇದ್ದ ಹಾಗೆ ತಾಯಿ. ಇಡೀ ಕೊಳಗ ಒಬ್ಬನ ಎಲೆಗೇ ಸುರಿದರೆ ಅವನ ಗತಿ ಏನು? ಭುಜಕ್ಕೆ ಒಂದು ಸೌಟು, ಬೆನ್ನಿಗೆ ಒಂದು ಸೌಟು, ಸೊಂಟಕ್ಕೆ ಒಂದು ಸೌಟು. ಪಂಕ್ತಿಗೆಲ್ಲ ಬಡಿಸಿಬಿಡು."

ಅವಳ ಮೈಯೇ ಆ ಪಾಠ ಕಲಿತು ಮುಗಿದ ದಿನ, ಹೊಂಬಾಳೆ ಬೋಳುಗುಡ್ಡ ಹತ್ತಿದಳು.

ಗುಡ್ಡದ ಬುಡದಲ್ಲಿ ಕಂಚಿನ ಗೂಳಿ ಕಾದಿತ್ತು. ಮೂಗಿಂದ ಕಿಡಿ ಸುರಿಸುತ್ತ ಬಂದು ಅವಳನ್ನು ಕೊಂಬಲ್ಲೆತ್ತಿ ಹಿಂದಕ್ಕೆಸೆಯಿತು. ಗಲ್ಲ ಎದೆಗೆ, ಕೈ ಒಳಗೆ, ಉಸಿರು ಹೊರಗೆ. ಅವಳು ಉರುಳಿ ಎದ್ದಳು. ನೆಲ ಅರೆನಿದ್ದೆಯಲ್ಲಿ ಕೇಳಿತು, "ಯಾರು ಬಿದ್ದದ್ದು?" ತಾನೇ ಉತ್ತರವನ್ನೂ ಹೇಳಿಕೊಂಡಿತು, "ಎಲೆ ಇರಬೇಕು." ತಾನು ಎಸೆದವರು ಎದ್ದು ನಿಂತದ್ದನ್ನು ಗೂಳಿ ಹುಟ್ಟಿದಾರಭ್ಯ ಕಂಡಿರಲಿಲ್ಲ. ಏನು ಮಾಡಬೇಕೆಂದು ತಿಳಿಯದೆ ಹುಲ್ಲು ಮೇಯಲು ಹೋಯಿತು.

ನಡುಗುಡ್ಡದಲ್ಲಿ ಪಾಚಿಯ ಬಂಡೆ. ಅದು ಹಾವಿನ ಹಾಗೆ ಮೈ ಕೊಡವುತ್ತಿತ್ತು. ಹೊಂಬಾಳೆಯ ಕಾಲು ಸರ್ರನೆ ಜಾರಿತು. ಹಳೆಯ ರೂಢಿಯಂತೆ ಅವಳ ಕೈ ಚಾಚಲು ಹೊರಟಿತು. ಬೇಡ, ಬಾ ಒಳಗೆ ಅಂತ ಅವಳು ಅದನ್ನು ಮಗುವಿನಂತೆ ಕರೆದುಕೊಂಡು ಪಕ್ಕಕ್ಕೆ ಉರುಳಿದಳು. "ಯಾರು ಬಿದ್ದದ್ದು?" ಅಂದಿತು ನೆಲ. "ಬೆಕ್ಕು ಇರಬೇಕು." ಮತ್ತೆ ಗೊರಕೆ ಹೊಡೆಯಿತು.

ನೆತ್ತಿಯಲ್ಲಿ ಕರಿಕಂಬ. ಅದರ ಸುತ್ತ ಕಲ್ಲಾದ ಗೆಳೆಯರು, ಅವರ ನಡುವೆ ಚೆನ್ನಾಂಕ. ಹೊಂಬಾಳೆ ಅವನ ಕಲ್ಲು ಕೆನ್ನೆ ಮುಟ್ಟಿ, ಕಂಬಕ್ಕೆ ಕಾಲು ಹೆಣೆದು ಹತ್ತಿದಳು. ತುದಿಯಲ್ಲಿ ಬಿಗಿಮುಷ್ಟಿ ಅವಳ ಎರಡೂ ತೋಳು ಹಿಡಿದ. ಕಬ್ಬಿಣದ ಹಿಡಿತ. ಕಂಬ ಹತ್ತಿದ ಸೊಕ್ಕು ಎಲ್ಲಿ ಹೋಯಿತು, ಬೀಳದಂತೆ ನನ್ನನ್ನೇ ಬೇಡಿಕೋ ಅಂತ ಹಲ್ಲು ಕಿರಿದ.

"ಬೀಳೋಕೇ ಬಂದೆ ಮಾವ, ನೀನೂ ಬಾ," ಅಂದಳು ಹೊಂಬಾಳೆ. ಅಂದವಳೇ ಕಂಬದಿಂದ ಕಾಲು ಬಿಟ್ಟಳು.

ಎಂದೂ ಕೆಳಗಿಳಿಯದವನು ಬೀಳುವುದನ್ನು ಎಲ್ಲಿ ಕಲಿತಾನು? ಬಿಗಿಮುಷ್ಟಿ ಹೆದರಿ ಅವಳನ್ನು ಬಿಟ್ಟುಬಿಟ್ಟ. ಮೈಯೆಲ್ಲ ಸೆಟೆದುಕೊಂಡು ಎರಡೂ ಕೈ ನೆಲಕ್ಕೆ ಚಾಚಿದ. ಹೊಂಬಾಳೆಯ ಕಾಲು ಮೊದಲು ನೆಲ ಮುಟ್ಟಿತು. ಮಂಡಿ ಬಾಗಿತು, ಭುಜ ಉರುಳಿತು, ಬೆನ್ನು ಉರುಳಿತು, ಪಾಯಸ ಪಂಕ್ತಿಗೆಲ್ಲ ಸೇರಿತು. ಅವಳ ಪಕ್ಕದಲ್ಲೇ ಧೊಪ್ಪೆಂದು ಒಂದು ಸದ್ದು.

ನೆಲ ಪೂರಾ ಕಣ್ಣು ಬಿಟ್ಟಿತು. "ನನಗೆ ಹೊಡೆದದ್ದು ನೀನಾ?"

ಬಿಗಿಮುಷ್ಟಿ ತಾನು ನೆಲದ ಒಡೆಯ ಎಂದು ಕೂಗಿಕೊಂಡ. ನೆಲ ಅವನ ಮುಖವನ್ನು ಹತ್ತಿರದಿಂದ ಎಂದೂ ಕಂಡಿರಲಿಲ್ಲ. ಮಾತು ಮುಗಿಯುವ ಮೊದಲೇ ಅವನು ಕಲ್ಲಾದ, ಕಲ್ಲು ಬಿರಿಯಿತು, ಅವನ ಮಾಯೆ ಹೊಗೆಯಾಗಿ ಹೋಯಿತು. ಕರಿಕಂಬ ಚಿಗುರಿ ಹೊಂಗೆಮರವಾಯಿತು. ಕಲ್ಲಾಗಿದ್ದವರು ಒಬ್ಬೊಬ್ಬರಾಗಿ ಮೈ ಮುರಿದೆದ್ದರು. ಚೆನ್ನಾಂಕ ಮುರಿದ ಮಣಿಕಟ್ಟು ಹಿಡಿದು ಅಕ್ಕನನ್ನು ನೋಡಿದ. "ಅಕ್ಕ, ನಿನ್ನ ಬೆನ್ನೆಲ್ಲ ಮಣ್ಣು," ಅಂದ. ಅವಳು ಅವನನ್ನು ತಬ್ಬಿಕೊಂಡು ಅತ್ತಳು, ನಕ್ಕಳು, ಸೆರಗು ಹರಿದು ಕೈಗೆ ಪಟ್ಟಿ ಕಟ್ಟಿದಳು.

ಊರ ಬಾಗಿಲಲ್ಲಿ ಮಲ್ಲರಸ ಕಾದಿದ್ದ. ಮಗನನ್ನು ಕಂಡ, ಮಗಳ ಬೆನ್ನನ್ನು ಕಂಡ. ಆಮೇಲೆ ಕಿರೀಟ ತೆಗೆದು ಮಂತ್ರಿಯ ಕೈಗಿಟ್ಟು, ಗರಡಿಯ ಮೆದುಮಣ್ಣಿನ ಹತ್ತಿರ ಹೋಗಿ ಕಾಡಪ್ಪನನ್ನು ಕರೆಸಿದ. ಗಲ್ಲ ಎಲ್ಲಿಗೆ ಅಂದೆಯಪ್ಪ ಅಂತ ಕೇಳಿದ. "ಎದೆಗೆ, ಬುದ್ಧಿ," ಅಂದ ಕಾಡಪ್ಪ. ರಾಜ ಕುಕ್ಕರಗಾಲಲ್ಲಿ ಕೂತ, ಉಸಿರು ಬಿಟ್ಟ, ಕುಂಬಳಕಾಯಿಯ ಹಾಗೆ ಹಿಂದಕ್ಕೆ ಉರುಳಿದ. ಕಾಲು ಮೇಲಾಗಿ, ಮೀಸೆಗೆಲ್ಲ ಮಣ್ಣಾಗಿ, ಎಷ್ಟು ನಕ್ಕನೆಂದರೆ ಎಬ್ಬಿಸಲು ಬಂದ ಮಂತ್ರಿಯೂ ನಗುತ್ತ ಅವನ ಪಕ್ಕಕ್ಕೇ ಉರುಳಿಬಿದ್ದ.

ಅಂದಿನಿಂದ ಕಂಬದೂರಲ್ಲಿ ಹುಟ್ಟಿದ ಕೂಸುಗಳೆಲ್ಲ ಮೊದಲು ಬೀಳುವುದನ್ನು ಕಲಿತವು, ಆಮೇಲೆ ಹತ್ತುವುದನ್ನು. ಕಾಡಪ್ಪ ಕತ್ತೆ ಹೊಡೆದುಕೊಂಡು ಮುಂದಿನ ಊರಿಗೆ ಹೊರಟ. ಹೊಂಬಾಳೆ ಗರಡಿಯ ಗುರುವಾದಳು. ಎಲ್ಲರೂ ಹಾಯಾಗಿ ಬಿದ್ದರು, ಹಾಯಾಗಿ ಎದ್ದರು, ಹಾಯಾಗಿ ಬಾಳಿದರು. ಕೇಳಿದ ನಿಮ್ಮ ಮೈಕೈಯೂ ಗಟ್ಟಿಯಾಗಿರಲಿ.