ಹತ್ತೊಂಬತ್ತನೆಯ ಕಲ್ಲು

“ಆ ದಾರ ಕಿತ್ತು ಹಾಕಿಸಿ ಸಾಹೇಬ್ರೇ. ಅದು ಹರಕೆ ದಾರ ಅಲ್ಲ,” ಎಂದು ಕೊಯ್ ತಾತ ಪಿಸುಗುಟ್ಟಿದಾಗ ಇಂಜಿನಿಯರ್ ವಿಚೆತ್ ಗಹಗಹಿಸಿ ನಕ್ಕುಬಿಟ್ಟ.

ತಾತ ನಗಲಿಲ್ಲ. ಮೂವತ್ತು ವರ್ಷದಿಂದ ಚಂಬೋಕ್ ಗುಡಿಯ ಕಲ್ಲು ಎತ್ತಿ ಇಳಿಸಿದ ಮೇಸ್ತ್ರಿ ಅವನು. ಹಾವು ಹೊರಬಂದರೂ ಕದಲದ ಮುದುಕ ಇವತ್ತು ಅಂಗಳದ ಕಲ್ಲುಗಳಿಂದ ಹತ್ತು ಹೆಜ್ಜೆ ದೂರವೇ ನಿಂತಿದ್ದ.

ಗೋಪುರದ ನೆತ್ತಿಯಿಂದ ಯಾವುದೋ ಕಾಲದಲ್ಲಿ ಕಳಚಿಬಿದ್ದ ಹತ್ತೊಂಬತ್ತು ಮರಳುಗಲ್ಲುಗಳು ನಂಬರು ಬರೆಸಿಕೊಂಡು ಅಂಗಳದಲ್ಲಿ ಸಾಲಾಗಿ ಕೂತಿದ್ದವು. ಅವುಗಳ ನಡುವೆ ಸಾರೋಮ್ ಕುಕ್ಕರುಗಾಲಲ್ಲಿ ಕೂತಿದ್ದಳು. ಬೋಳಿಸಿದ ತಲೆ, ಬಿಳಿ ಬಟ್ಟೆ. ಮೊದಲನೆಯ ಕಲ್ಲಿಗೆ ದಾರ ಸುತ್ತಿ ಗಂಟು ಬಿಗಿದು, ಅದಕ್ಕೆ ಕಿವಿಯಿದೆಯೋ ಎಂಬಂತೆ ಬಗ್ಗಿ ಏನನ್ನೋ ಹೇಳಿದಳು.

“ಮನುಷ್ಯನಿಗೆ ಹತ್ತೊಂಬತ್ತು ಜೀವ ಇರ್ತವೆ. ಕಾಯಿಲೆ ಬಿದ್ರೆ ಕರೆದು ಮೈಯೊಳಗೆ ಕೂರಿಸ್ತೀವಿ. ಅವಳು ನಿಮ್ಮವನ್ನ ಕರೆದು ಕಲ್ಲಲ್ಲಿ ಕೂರಿಸ್ತಿದಾಳೆ,” ಎಂದ ತಾತ.

“ಹತ್ತೊಂಬತ್ತಾ? ನನಗೆ ಒಂದನ್ನೇ ಸಾಕೋಕಾಗ್ತಿಲ್ಲ ತಾತಾ! ಉಳಿದ ಹದಿನೆಂಟು ಅವಳೇ ಇಟ್ಕೊಳ್ಳಲಿ.”

ರಾಜಧಾನಿ ನೋಮ್ ಪೆನ್‌ನಲ್ಲಿ ಓದಿ ಬಂದವನ ಬಾಯಿಗೆ ಕಡಿವಾಣ ಹಾಕುವವರು ಯಾರು? ಬಾಗಿಲುವಾಡದ ಮೇಲೆ ಎಂಟುನೂರು ವರ್ಷದ ಹಿಂದಿನ ರಾಜ ಕೆತ್ತಿಸಿದ ಶಾಪವಿತ್ತು. ಈ ಗುಡಿಯಲ್ಲಿ ಸುಳ್ಳಾಡಿದವನು ಸೂರ್ಯಚಂದ್ರರಿರುವತನಕ ಮೂವತ್ತೆರಡು ನರಕಗಳಲ್ಲಿ ಬೇಯಲಿ ಎಂದು. ಬಂದವರಿಗೆಲ್ಲ ಅದನ್ನು ಗಟ್ಟಿಯಾಗಿ ಓದಿ ತೋರಿಸುತ್ತಿದ್ದವನೇ ವಿಚೆತ್. ಓದಿದ್ದು ಗಂಟಲಿನಿಂದ ಕೆಳಗೆ ಇಳಿದಿರಲಿಲ್ಲ ಅಷ್ಟೆ.

ಸುಳ್ಳು ಯಾವುದು ಅಂತ ಕೇಳಿ. ಸಾರೋಮಳ ಗಂಡ ಚುಮ್ ಕಲ್ಲುಕುಟಿಗ. ಕಲ್ಲೆತ್ತುವ ಪಟ್ಟಿ ಎಳೆಎಳೆಯಾಗಿ ಹರಿದಿದೆ ಎಂದು ಒಂದು ಬೆಳಿಗ್ಗೆ ಅವನೇ ತಂದು ತೋರಿಸಿದ್ದ. ತಪಾಸಣೆಗೆ ದೊಡ್ಡವರು ಬರುವ ವಾರ. “ಇವತ್ತೊಂದಿನ ಓಡಿಸು,” ಎಂದಿದ್ದ ವಿಚೆತ್. ಮಧ್ಯಾಹ್ನ ಪಟ್ಟಿ ತುಂಡಾಯಿತು. ಕಲ್ಲಿನಡಿಯಲ್ಲಿ ಚುಮ್‌ನ ಮುಖವೆಂಬುದೇ ಉಳಿಯಲಿಲ್ಲ. ವಿಚೆತ್ ತನ್ನ ಹೆಗಲ ಮೇಲಿದ್ದ ಚೌಕಳಿ ವಸ್ತ್ರವನ್ನು ಅದರ ಮೇಲೆ ಎಸೆದು, ಒಳಗೆ ಹೋಗಿ ವರದಿ ಬರೆದ: ‘ಕೆಲಸಗಾರ ಕುಡಿದು ಬಂದಿದ್ದ.’ ಹರೆಯದಲ್ಲಿ ವಿಹಾರದಲ್ಲಿ ಭಿಕ್ಷುವಾಗಿದ್ದು ಬಂದ ಚುಮ್ ಜನ್ಮದಲ್ಲಿ ಒಂದು ತೊಟ್ಟು ಮುಟ್ಟಿದವನಲ್ಲ.

“ನೂರನೇ ದಿನದ ಕಾರ್ಯಕ್ಕೆ ಬಂದು, ಅವರು ಕುಡಿದಿರ್ಲಿಲ್ಲ ಅಂತ ಎಲ್ಲರೆದುರು ಒಂದು ಮಾತು ಹೇಳಪ್ಪ. ಬೇರೇನೂ ಬೇಡ,” ಎಂದು ಸಾರೋಮ್ ಬೇಡಿಕೊಂಡಿದ್ದಳು.

“ಬರೆದಿದ್ದು ಬರೆದಾಯ್ತಮ್ಮ. ಹೋದವರು ಕೇಳಿಸಿಕೊಳ್ತಾರಾ?”

ವಿಚೆತ್ ಹೋಗಲಿಲ್ಲ. ನೂರೊಂದನೆಯ ದಿನ ಬೆಳಿಗ್ಗೆ ಅವಳು ಅಂಗಳಕ್ಕೆ ಬಂದು ಕೂತಳು. ಅವಳ ಮಡಿಲಲ್ಲಿದ್ದದ್ದು ಆ ಚೌಕಳಿ ವಸ್ತ್ರವೇ. ರಕ್ತ ಒಣಗಿ ಕಪ್ಪಾದ ಬಟ್ಟೆಯಿಂದ ಒಂದೊಂದೇ ಎಳೆ ಬಿಡಿಸಿ ಕಲ್ಲಿಗೆ ಸುತ್ತುತ್ತಿದ್ದಳು. ಚುಮ್‌ನ ಜೊತೆಗಾರರು ಯಾರೂ ಅವಳನ್ನು ತಡೆಯಲಿಲ್ಲ.

ಕಲ್ಲುಗಳು ಮೇಲೇರತೊಡಗಿದವು. ಆ ಗೋಪುರಕ್ಕೆ ಗಾರೆಯಿಲ್ಲ, ಸುಣ್ಣವಿಲ್ಲ. ಕಲ್ಲಿಗೆ ಕಲ್ಲು ತಿಕ್ಕಿ, ಕೂದಲೂ ತೂರದಂತೆ ಕೂರಿಸಿದ ಕಟ್ಟಡ. ಕಲ್ಲಿನ ಪ್ರತಿ ಸಾಲೂ ಕೆಳಗಿನದಕ್ಕಿಂತ ಒಂದು ಗೇಣು ಒಳಕ್ಕೆ ಚಾಚಿ, ಮೇಲಿನದರ ಭಾರದಲ್ಲೇ ನಿಲ್ಲಬೇಕು. ನಾಲ್ಕು ದಿಕ್ಕಿಗೂ ಬಾಗಿಲು, ಆದರೆ ಮೂರು ಬರೀ ಕೆತ್ತನೆಯ ಕುರುಡು ಬಾಗಿಲುಗಳು. ಪೂರ್ವದ್ದೊಂದೇ ನಿಜ. ಒಂದೊಂದು ಕಲ್ಲು ಕೂತಂತೆ ಗರ್ಭಗುಡಿಯ ಮೇಲಿನ ಆಕಾಶ ಕಿರಿದಾಗುತ್ತ, ಒಳಗೆ ಬಾವಲಿ ಹಿಕ್ಕೆಯ ಘಾಟು ದಟ್ಟವಾಗುತ್ತ ಬಂತು.

ಮೂರನೆಯ ಕಲ್ಲಿಗೆ ವಿಚೆತ್‌ಗೆ ಆ ಘಾಟು ಹತ್ತದಾಯಿತು. ನೆಗಡಿಯಿರಬೇಕು ಎಂದುಕೊಂಡ. ಏಳನೆಯದಕ್ಕೆ ಅನ್ನ, ಹುಳಿಸಿದ ಮೀನಿನ ಗೊಜ್ಜು ಎರಡೂ ನಾಲಿಗೆಗೆ ಮಣ್ಣಾದವು. ಹನ್ನೊಂದನೆಯದಕ್ಕೆ, ಅವನನ್ನು ಕಂಡರೆ ಬೊಗಳುತ್ತಿದ್ದ ನಾಯಿ, ಅಲ್ಲಿ ಯಾರೂ ಇಲ್ಲವೆಂಬಂತೆ ಅವನ ಕಾಲ ಮೇಲೇ ಮಲಗಿತು. ಹದಿನೈದನೆಯದಕ್ಕೆ ಹೆಬ್ಬೆರಳಿನ ಮೇಲೆ ಸುತ್ತಿಗೆ ಬಿತ್ತು. ಉಗುರು ಹಾರಿಹೋಯಿತು. ನೋವಾಗಲಿಲ್ಲ.

ಅಯ್ಯೋ, ಆಗ ಹೆದರಿದ! ಹೆದರಿದರೇನು, ಬಿಂಕ ಬಿಡಬೇಕಲ್ಲ. ಹದಿನೆಂಟನೆಯ ಕಲ್ಲು ಕೂತ ಮೇಲೆ, ಸಂದು ಪರೀಕ್ಷಿಸುವ ನೆಪದಲ್ಲಿ ಒಬ್ಬನೇ ಗರ್ಭಗುಡಿಯೊಳಗೆ ಹೋದ.

ಹೊರಗೆ ಸುಡು ಬಿಸಿಲು. ಒಳಗೆ ಕಡುಗತ್ತಲು. ನೆತ್ತಿಯಲ್ಲಿ ಅಂಗೈಯಷ್ಟು ಬೆಳಕು. ಬಾವಲಿಗಳು ಒಂದೂ ಇರಲಿಲ್ಲ. ಮೇಲೆ, ಕಲ್ಲಿನೊಳಗೆ, ಯಾರೋ ಉಸಿರಾಡುತ್ತಿದ್ದರು. ಅವನು ಉಸಿರು ಬಿಗಿಹಿಡಿದ. ಅದೂ ನಿಂತಿತು. ಬಿಟ್ಟ. ಅದೂ ಬಿಟ್ಟಿತು. ಕೆಮ್ಮಬೇಕೆನಿಸಿತು. ಅವನು ಕೆಮ್ಮುವ ಮೊದಲೇ ಮೇಲೆ ಕೆಮ್ಮು ಕೇಳಿಸಿತು. ಅವನದೇ ಕೆಮ್ಮು.

ಓಡಿದ. ಎಡವಿದ. ಬಿಸಿಲಿಗೆ ಬಂದು ಬಿದ್ದ.

ಅಂಗಳ ತುಂಬಿತ್ತು. ಕೊನೆಯ ಕಲ್ಲು ಕೂರುವ ದಿನ. ರಾಜಧಾನಿಯ ಅಧಿಕಾರಿಗಳು, ಮಂತ್ರಜಲದ ಪಾತ್ರೆ ಹಿಡಿದ ಭಿಕ್ಷುಗಳು, ಊರಿಗೆ ಊರೇ. ಹತ್ತೊಂಬತ್ತನೆಯ ಕಲ್ಲು ಚೈನ್ ಪುಲ್ಲಿಯಲ್ಲಿ ನೇತಾಡುತ್ತಿತ್ತು. ಹೇಳಿಬಿಡಬೇಕು. ಈಗಲೇ. ಎಲ್ಲರೆದುರು. ಬದುಕಿದರೆ ಸಾಕು. ಬಾಯಿ ತೆರೆದ.

ದನಿ ಇಲ್ಲ.

ಮತ್ತೆ ತೆರೆದ. ತುಟಿಯೂ ಆಡಲಿಲ್ಲ. ಹಲ್ಲು ಕಚ್ಚಿಕೊಂಡವು. ಆಗ ಗೋಪುರ ಮಾತಾಡಿತು.

“ಪಟ್ಟಿ ಹರಿದಿತ್ತು. ಚುಮ್ ತೋರಿಸಿದ್ದ. ನಾನೇ ಓಡಿಸು ಅಂದೆ. ಅವನು ಕುಡಿದಿರಲಿಲ್ಲ. ಸುಳ್ಳು ಬರೆದೆ. ನಾನೇ ಬರೆದೆ.”

ವಿಚೆತ್‌ನ ದನಿ. ಕುರುಡು ಬಾಗಿಲುಗಳಿಂದಲೂ ಹೊರಟಂತಿತ್ತು. ಒಬ್ಬ ಭಿಕ್ಷುವಿನ ಕೈಯಿಂದ ಪಾತ್ರೆ ಜಾರಿ ಬಿತ್ತು. ಅಧಿಕಾರಿಗಳು ಒಬ್ಬರ ಮುಖ ಒಬ್ಬರು ನೋಡಿದರು. ಚುಮ್‌ನ ಜೊತೆಗಾರರು ಅಳುತ್ತಿದ್ದರು.

ಕೊಯ್ ತಾತ ಸಾರೋಮಳ ಕೈ ಹಿಡಿದ. “ಹೇಳಾಯ್ತಲ್ಲ ತಂಗಿ. ಊರೆಲ್ಲ ಕೇಳಿಸ್ಕೊಂಡಾಯ್ತು. ಬಿಟ್ಬಿಡು, ಹುಡುಗ ಮುಂಡೇದು.”

ಸಾರೋಮ್ ವಿಚೆತ್‌ನನ್ನು ನೋಡಿದಳು. ಅವನ ಕಣ್ಣಲ್ಲಿ ಧಾರಾಕಾರ ನೀರು. ಎರಡೂ ಕೈ ಜೋಡಿಸಲು ಹೆಣಗುತ್ತಿದ್ದ, ಆಗುತ್ತಿರಲಿಲ್ಲ.

“ಹೇಳಿದ್ದು ಕಲ್ಲು, ಅಣ್ಣ. ಅವನ ಬಾಯಿ ಇನ್ನೂ ಮುಚ್ಚೇ ಇದೆ,” ಎಂದಳು. ಜೊತೆಗಾರರ ಕಡೆ ತಿರುಗಿದಳು. “ಇಳಿಸಿ.”

ಸರಪಳಿ ಗರಗರ ಎಂದಿತು. ಕಲ್ಲಿಗೆ ಕಲ್ಲು ಕೂತಿತು.

ವಾರದ ಮೇಲೆ ವಿಚೆತ್‌ನ ತಾಯಿ ಬಂದರು. ಉಸಿರಾಡುವ, ಕೂರಿಸಿದರೆ ಕೂರುವ ಮಗನನ್ನು ಪೂರ್ವದ ಬಾಗಿಲ ಮುಂದೆ ಕುರ್ಚಿಯಲ್ಲಿ ಕೂರಿಸಿದರು. ಅವನ ಕಣ್ಣುಗಳು ತೆರೆದೇ ಇದ್ದವು, ಯಾರನ್ನೂ ನೋಡುತ್ತಿರಲಿಲ್ಲ. ಅನ್ನ, ಬೇಯಿಸಿದ ಮೊಟ್ಟೆ ಇಟ್ಟು, ಸೌಟು ಬೀಸುತ್ತ ಅವನ ಜೀವಗಳನ್ನು ಕರೆದರು. “ಬನ್ನಿ, ಹತ್ತೊಂಬತ್ತೂ ಬನ್ನಿ. ಬಾರೋ ಮಗನೇ.”

“ಅಮ್ಮಾ,” ಎಂದಿತು ಗೋಪುರದ ನೆತ್ತಿ. “ಇಲ್ಲಿದೀನಮ್ಮ. ತುಂಬ ಕತ್ತಲು.”

ಸೌಟು ಕೈತಪ್ಪಿತು. ಆ ತಾಯಿ ಓಡಿಹೋಗಿ ಸಾರೋಮಳ ಕಾಲು ಹಿಡಿದರು. “ಗೋಪುರ ಬಿಚ್ಚಿಸಮ್ಮ. ನನ್ನ ಮಗ ಅಲ್ಲಿದಾನೆ.”

ಸಾರೋಮ್ ಬಗ್ಗಿ ಅವರನ್ನು ಮೆಲ್ಲಗೆ ಎಬ್ಬಿಸಿದಳು, ಕಣ್ಣೊರೆಸಿದಳು.

“ನೀವು ಕೂಗಿದ್ರೆ ಓ ಅನ್ನೋಕೆ ಅವನಿದಾನಲ್ಲಮ್ಮ,” ಎಂದಳು. “ನಾನು ನೂರು ದಿನ ಕೂಗಿದೆ.”